ಮೂರನೇ ತರಗತಿ ಮಗಳಿಗೆ ಟಿಸಿ ತಗೊಳ್ಳಿ ಅನ್ನುತ್ತಿದ್ದಾರೆ. ಸರ್ಕಾರಿ ಶಾಲೆಯವರು ಹೀಗೆ ಹೇಳಬಹುದಾ?

ಸೊಪ್ಪಿನಬೆಟ್ಟ (ಶಿರಸಿ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳಿಗೆ ಒಂಬತ್ತು ವರ್ಷ. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಮಾತು ತಡವಾಗಿ ಬಂತು. ಈಗಲೂ ಹೊರಗಿನವರಿಗೆ ಅವಳ ಮಾತು ಸರಿಯಾಗಿ ತಿಳಿಯುವುದಿಲ್ಲ. ಕೆಲವು ಅಕ್ಷರ ಗುರುತಿಸುತ್ತಾಳೆ, ಕೂಡಿಸಿ ಓದಲು ಬರುವುದಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ತೋರಿಸಿದೆವು. ಅಲ್ಲಿ ಪರೀಕ್ಷೆ ಮಾಡಿ, ಬೌದ್ಧಿಕ ಬೆಳವಣಿಗೆಯಲ್ಲಿ ಸೌಮ್ಯ ಪ್ರಮಾಣದ ಕೊರತೆ ಇದೆ ಅಂತ ಬರೆದುಕೊಟ್ಟಿದ್ದಾರೆ. ಅಂಗವಿಕಲರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ, ಅರ್ಜಿ ಹಾಕಿದ್ದೇವೆ, ಇನ್ನೂ ಬಂದಿಲ್ಲ.

ಹಾಗಂತ ಅವಳಿಗೆ ಏನೂ ತಿಳಿಯುವುದಿಲ್ಲ ಅಂತಲ್ಲ. ಅಡಿಕೆ ಆರಿಸುವಾಗ ಅಜ್ಜಿಯ ಪಕ್ಕ ಕೂತರೆ ಚಾಲಿ ಒಂದು ಕಡೆ, ಬಿಳೆಗೋಟು ಒಂದು ಕಡೆ, ಕೋಕಾ ಒಂದು ಕಡೆ ಹಾಕುತ್ತಾಳೆ. ಅನುಮಾನ ಬಂದದ್ದನ್ನು ಬಾಗಿಲ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಆಮೇಲೆ ಹಾಕುತ್ತಾಳೆ. ಹೊಸದಾಗಿ ಕೆಲಸಕ್ಕೆ ಬಂದವರು ತಪ್ಪಿದರೂ ಇವಳು ತಪ್ಪುವುದು ಕಡಿಮೆ. ಹತ್ತರ ಗುಂಪು ಮಾಡಿ ಎಣಿಸುವುದನ್ನೂ ಅಲ್ಲೇ ಕಲಿತಳು. ಸ್ಲೇಟಿನ ಮೇಲೆ ಹತ್ತು ಅಂತ ಬರೆದರೆ ಮಾತ್ರ ಸುಮ್ಮನೆ ನನ್ನ ಮುಖ ನೋಡುತ್ತಾಳೆ.

ಮೊದಲಿದ್ದ ಅಕ್ಕೋರು ಅವಳನ್ನು ಮುಂದೆ ಕೂರಿಸಿಕೊಂಡು ಕಲಿಸುತ್ತಿದ್ದರು. ಅವರಿಗೆ ವರ್ಗ ಆಯಿತು. ಈಗ ಬಂದಿರುವ ಹೆಡ್ ಮಾಸ್ತರು, 'ಇವಳನ್ನು ನಾಲ್ಕಕ್ಕೆ ಹಾಕಿ ಪ್ರಯೋಜನ ಇಲ್ಲ, ಟಿಸಿ ಕೊಡುತ್ತೇನೆ, ವಿಶೇಷ ಶಾಲೆಗೆ ಸೇರಿಸಿ' ಅನ್ನುತ್ತಾರೆ. ಬೇರೆ ಏನಾದರೂ ವ್ಯವಸ್ಥೆ ಮಾಡಿ ಅಂದರೆ, 'ಕಾರ್ಡ್ ಬರುವ ತನಕ ನಮ್ಮ ಕೈಯಲ್ಲಿ ಏನೂ ಇಲ್ಲ' ಅನ್ನುತ್ತಾರೆ. ಮೇಲಿನಿಂದ ಯಾರಾದರೂ ಶಾಲೆ ನೋಡಲು ಬರುವ ದಿನ ಅವಳನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂತಲೂ ಹೇಳಿಕಳಿಸಿದ್ದರು. ಇದು ನನಗೆ ಎಲ್ಲದಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಯೂನಿಫಾರ್ಮ್ ಹಾಕಿಕೊಂಡು ಚೀಲ ಹಿಡಿದು ನಿಂತ ಮಗುವಿಗೆ ಏನಂತ ಹೇಳುವುದು?

ವಿಶೇಷ ಶಾಲೆ ಅಂದರೆ ಪೇಟೆಗೇ ಹೋಗಬೇಕು. ಮಳೆಗಾಲದಲ್ಲಿ ನಮ್ಮ ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಕಾಲುಸಂಕ ದಾಟಿ ಬರಬೇಕು. ಊರ ಶಾಲೆ ನಮ್ಮ ಅಂಗಳದಿಂದಲೇ ಕಾಣುತ್ತದೆ. ಅವಳ ಓರಗೆಯ ಮಕ್ಕಳೆಲ್ಲ ಅಲ್ಲೇ ಇದ್ದಾರೆ, ಅವರ ಜೊತೆ ಇದ್ದೇ ಮಾತು ಇಷ್ಟು ಸುಧಾರಿಸಿದ್ದು.

ನನ್ನ ನಾದಿನಿ ಅಮೆರಿಕದಲ್ಲಿದ್ದಾಳೆ. 'ಐಇಪಿ, ಅಂದರೆ ಆ ಒಂದು ಮಗುವಿಗೆ ಅಂತಲೇ ಬರೆಯುವ ಕಲಿಕಾ ಯೋಜನೆ, ಕೇಳು ಅತ್ತಿಗೆ, ಅರವತ್ತು ದಿನದೊಳಗೆ ಮಾಡಲೇಬೇಕು ಅಂತ ಕಾನೂನಿದೆ' ಅನ್ನುತ್ತಾಳೆ. ಇಲ್ಲಿ ಅದನ್ನು ಕೇಳಬಹುದಾ? ಟಿಸಿ ಬೇಡ ಅನ್ನಲು ನನಗೆ ಹಕ್ಕಿದೆಯಾ? ಕಾರ್ಡ್ ಇಲ್ಲದೆ ನಿಜವಾಗಿಯೂ ಏನೂ ಆಗುವುದಿಲ್ಲವಾ? ಅವಳಿಗೆ ಕಲಿಸುವವರು ಯಾರು? ಗೊತ್ತಿದ್ದವರು ಹೇಳಿ. ಜಗಳ ಆಡಲು ಮನಸ್ಸಿಲ್ಲ. ನಾಳೆ ಮತ್ತೆ ಅದೇ ಶಾಲೆಗೆ ಮಗಳನ್ನು ಕಳಿಸಬೇಕು ಅಲ್ವಾ.

ಕೋಡಿಬಾಗದವಳು (ಕಾರವಾರ):

ಅಕ್ಕ, ಮೊದಲು ಒಂದು ಮಾತು. ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ನನ್ನ ಮಗನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನಾವು ಅವನನ್ನು ವಿಶೇಷ ಶಾಲೆಗೇ ಹಾಕಿದ್ದೇವೆ, ಒಳ್ಳೆಯದೇ ಆಗಿದೆ. ಅಲ್ಲಿ ಸನ್ನೆ ಭಾಷೆ ಇದೆ, ಜೊತೆ ಹುಡುಗರ ಹತ್ತಿರ ದಿನವಿಡೀ ಕೈಯಲ್ಲೇ ಹರಟೆ. ಊರ ಶಾಲೆಯಲ್ಲಿ ಅವನು ಒಬ್ಬನೇ ಆಗಿಬಿಡುತ್ತಿದ್ದ. ಹಾಗಾಗಿ ವಿಶೇಷ ಶಾಲೆ ಅಂದರೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಅದು ನಾವು ಆರಿಸಿಕೊಂಡದ್ದು. ಶಾಲೆಯವರು ದೂಡಿದ್ದಲ್ಲ. ಆರಿಸುವ ಹಕ್ಕು ನಮ್ಮದು ಅಂತ ಕಾಯ್ದೆಯಲ್ಲೇ ಇದೆಯಂತೆ, ತಿಳಿದವರು ವಿವರ ಬರೆಯುತ್ತಾರೆ.

ಕಾರ್ಡಿನ ವಿಷಯಕ್ಕೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಇರುತ್ತಾರೆ, ವಿಚಾರಿಸಿ. ಅಂಗವಿಕಲರ ಅರ್ಜಿ ಕೆಲಸ ನೋಡಿಕೊಳ್ಳುವವರು ಅವರೇ. ಅರ್ಜಿ ಯಾವ ಆಸ್ಪತ್ರೆಯಲ್ಲಿ ನಿಂತಿದೆ ಅಂತ ಅವರಿಗೆ ಪೋರ್ಟಲ್‌ನಲ್ಲಿ ನೋಡಲು ಬರುತ್ತದೆ. ನಮಗೆ ಅವರಿಂದಲೇ ಕೆಲಸ ಆಯಿತು.

ಗಂಗಾವಳಿ ದಂಡೆ (ಅಂಕೋಲಾ):

ತಂಗಿ, ನಾನು ಬಿಐಇಆರ್‌ಟಿ ಆಗಿ ಕೆಲಸ ಮಾಡಿ ನಿವೃತ್ತನಾದವನು. ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿದ್ದುಕೊಂಡು, ವಿಶೇಷ ಅಗತ್ಯದ ಮಕ್ಕಳು ಇರುವ ಶಾಲೆಗಳಿಗೆ ಹೋಗಿ ಬರುವ ಶಿಕ್ಷಕರು ನಾವು. ನಿಮ್ಮ ಬರಹ ಓದಿ ಬಹಳ ಬೇಜಾರಾಯಿತು. ತಿಳಿದಷ್ಟು ಹೇಳುತ್ತೇನೆ.

ಮೊದಲು ಟಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ತೆಗೆದು ನೋಡಿ. ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಐದು ಮತ್ತು ಎಂಟನೇ ತರಗತಿಯಲ್ಲಿ ಮಗುವನ್ನು ಅದೇ ತರಗತಿಯಲ್ಲಿ ಉಳಿಸಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು. ಹೊರಗೆ ಹಾಕಲು ಆಗಲೂ ಸಿಗಲಿಲ್ಲ. ಮೂರರಿಂದ ನಾಲ್ಕಕ್ಕೆ ಹೋಗುವ ಮಗುವನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ. ಟಿಸಿ ಅನ್ನುವುದು ಪಾಲಕರು ಕೇಳಿದಾಗ ಕೊಡುವಂಥದ್ದು. 'ಪಾಲಕರ ಕೋರಿಕೆಯ ಮೇರೆಗೆ' ಅಂತ ಬರೆದ ಹಾಳೆ ಮುಂದಿಟ್ಟರೆ, ಮೇಲಿನ ಕಾರವಾರದ ತಂಗಿ ಹೇಳಿದ ಹಾಗೆ, ಸಹಿ ಮಾಡಬೇಡಿ.

ಇನ್ನು ಕಾರ್ಡ್. ಇದರಲ್ಲೇ ಜಾಸ್ತಿ ಗೊಂದಲ, ಶಾಲೆಯವರಿಗೂ ಸೇರಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರಲ್ಲೂ 16ನೇ ಕಲಮೇ ಮುಖ್ಯ. ಎರಡೂ ಕಾಯ್ದೆಯಲ್ಲಿ ಒಂದೇ ನಂಬರ್ ಇರುವುದರಿಂದ ಪತ್ರದಲ್ಲಿ ಕಾಯ್ದೆಯ ಹೆಸರು ಬಿಡದೆ ಬರೆಯಿರಿ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳಿಗೂ ಅದು ಅನ್ವಯ. ಭೇದ ಮಾಡದೆ ಸೇರಿಸಿಕೊಳ್ಳಬೇಕು. ಉಳಿದ ಮಕ್ಕಳ ಜೊತೆ ಪಾಠ, ಆಟ ಎಲ್ಲ ಇರಬೇಕು. ಆ ಮಗುವಿಗೆ ತಕ್ಕ ಹೊಂದಾಣಿಕೆ ಮಾಡಬೇಕು. ಬೇಕಾದಲ್ಲಿ ಆ ಒಂದು ಮಗುವಿಗೆ ಅಂತಲೇ ಬೆಂಬಲ ಕೊಡಬೇಕು. ಪ್ರತಿ ಮಗುವಿನ ಪ್ರಗತಿ ಎಲ್ಲಿಗೆ ಬಂತು ಅಂತ ಗಮನ ಇಡಬೇಕು. ಇಲ್ಲೆಲ್ಲೂ 'ಕಾರ್ಡ್ ತಂದವರಿಗೆ ಮಾತ್ರ' ಅಂತ ಬರೆದಿಲ್ಲ.

ಕಾರ್ಡ್ ಬೇಕಾಗುವುದು ಬೇರೆ ಕಡೆ. ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಪ್ರಮಾಣೀಕರಿಸಿದ ಮಕ್ಕಳಿಗೆ ಕಾಯ್ದೆಯ 17ನೇ ಕಲಂ ಪ್ರಕಾರ 18 ವರ್ಷದ ತನಕ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನ ಸಲಕರಣೆ ಉಚಿತ. 31ನೇ ಕಲಂ ಇನ್ನೂ ದೊಡ್ಡದು. 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ, ಅದೂ ನೆರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ, ಮಗುವಿನ ಆಯ್ಕೆಯಂತೆ. ಕಾರವಾರದ ತಂಗಿ ಹೇಳಿದ್ದು ಇದನ್ನೇ. ಶಿಕ್ಷಣ ಹಕ್ಕು ಕಾಯ್ದೆ ಉಳಿದ ಮಕ್ಕಳಿಗೆ 14ಕ್ಕೆ ನಿಲ್ಲುತ್ತದೆ, ನಿಮ್ಮ ಮಗಳಿಗೆ ಇನ್ನೂ ನಾಲ್ಕು ವರ್ಷ ಜಾಸ್ತಿ ಇದೆ. ಧಾರವಾಡದಲ್ಲಿ ಸೌಮ್ಯ ಅಂತ ಬರೆದಿದ್ದರೆ, ಕೇಂದ್ರದ ಮಾರ್ಗಸೂಚಿಯಲ್ಲಿ ಅದಕ್ಕೆ ಶೇಕಡಾ 50 ಅಂತ ಲೆಕ್ಕ. ಹಾಗಾಗಿ ಕಾರ್ಡ್ ಬಿಡಬೇಡಿ, ಬೆನ್ನು ಹತ್ತಿ ಮಾಡಿಸಿ. ಆದರೆ ಅದು ಬರುವ ತನಕ ಪಾಠ ಕಾಯಬೇಕು ಅನ್ನುವುದು ಸುಳ್ಳು.

ನಾದಿನಿ ಹೇಳಿದ್ದು ಅಮೆರಿಕದ ಮಟ್ಟಿಗೆ ಸರಿ. ಅಲ್ಲಿ 1975ರಿಂದ ಕಾನೂನಿದೆ, ಈಗ ಅದನ್ನು ಐಡಿಇಎ ಅನ್ನುತ್ತಾರೆ. ಸಾರ್ವಜನಿಕ ಶಾಲೆ ಪ್ರತಿ ಅರ್ಹ ಮಗುವಿಗೂ ಐಇಪಿ ಬರೆಯಲೇಬೇಕು. ಅರವತ್ತು ದಿನ ಅಂದರೆ ಪಾಲಕರು ಒಪ್ಪಿಗೆ ಕೊಟ್ಟ ಮೇಲೆ ಮಗುವಿನ ಮೌಲ್ಯಮಾಪನ ಮುಗಿಸಲು ಇರುವ ಗಡುವು. ನಮ್ಮ ಕಾಯ್ದೆಯಲ್ಲಿ ಆ ಹೆಸರೂ ಇಲ್ಲ, ಆ ಗಡುವೂ ಇಲ್ಲ. ಆದರೆ ಮಗುವಿಗೆ ತಕ್ಕ ಬೆಂಬಲ, ಪ್ರಗತಿಯ ಗಮನ, ಈ ಎರಡೂ ಇವೆ. ಅವನ್ನು ಹಿಡಿದುಕೊಂಡು 'ವೈಯಕ್ತಿಕ ಕಲಿಕಾ ಯೋಜನೆ ಬರೆದು ನಮಗೊಂದು ಪ್ರತಿ ಕೊಡಿ' ಅಂತ ಕೇಳಿ. ಬಿಐಇಆರ್‌ಟಿಗಳಿಗೆ ಅದು ಗೊತ್ತಿರುವ ಕೆಲಸವೇ.

ಒಂದು ಎಚ್ಚರಿಕೆ. ಟಿಸಿ ಬೇಡ ಅಂದರೆ, 'ಹಾಗಾದರೆ ಗೃಹಾಧಾರಿತ ಶಿಕ್ಷಣಕ್ಕೆ ಬರೆದುಕೊಳ್ಳುತ್ತೇವೆ, ಮನೆಗೇ ಬಂದು ಕಲಿಸುತ್ತಾರೆ' ಅನ್ನಬಹುದು. ಕೇಳಲು ಚೆನ್ನಾಗಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಅದನ್ನು ಸೇರಿಸಿದ್ದು ತೀವ್ರ ಮತ್ತು ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ. ಅವರಿಗೂ ಅದು ಬೇಕಾದರೆ ಆರಿಸಿಕೊಳ್ಳುವ ಹಕ್ಕು ಅಷ್ಟೇ, ಶಾಲೆಯವರು ಹೇರುವಂಥದ್ದಲ್ಲ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ಮನೆಗೆ ನಾನು ಹೋಗಿದ್ದೇನೆ, ಆ ಮಕ್ಕಳಿಗೆ ಅದು ದೊಡ್ಡ ಆಸರೆ. ಅಂಗಳದಿಂದ ಕಾಣುವ ಶಾಲೆಗೆ ನಡೆದು ಹೋಗುವ, ಗೆಳತಿಯರಿರುವ ಹುಡುಗಿಗೆ ಅದು ಬೇಡ.

ಕಲಿಸುವವರು ಯಾರು ಅಂತ ಕೇಳಿದ್ದೀರಿ. ದಿನನಿತ್ಯ ಕಲಿಸಬೇಕಾದವರು ಅದೇ ಶಾಲೆಯ ಶಿಕ್ಷಕರು. ಹೇಗೆ ಕಲಿಸಬೇಕು ಅಂತ ತೋರಿಸಿಕೊಡಬೇಕಾದವರು ಬಿಐಇಆರ್‌ಟಿ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂತ ಹೇಳಿತು. ಮರುವರ್ಷ ಕೇಂದ್ರ ಸರ್ಕಾರ ಅದನ್ನು ಅಧಿಸೂಚನೆಯಲ್ಲೂ ಹೊರಡಿಸಿತು. ನಮ್ಮ ಹಳ್ಳಿ ಶಾಲೆಗಳಿಗೆ ಆ ಲೆಕ್ಕ ತಲುಪಲು ಇನ್ನೂ ಬಹಳ ದೂರ ಇದೆ. ನಮ್ಮ ಘಟ್ಟದ ತಾಲ್ಲೂಕುಗಳಲ್ಲಿ ಒಂದು ಶಾಲೆಗೆ ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಹಾಗಂತ ಕೇಳದೆ ಇರಬೇಡಿ. ನೀವು ಕಾಗದ ಕೊಟ್ಟರೆ ಮಾತ್ರ ನಿಮ್ಮ ಶಾಲೆಯ ಹೆಸರು ಅವರ ಭೇಟಿ ಪಟ್ಟಿಗೆ ಗಟ್ಟಿಯಾಗಿ ಬರುತ್ತದೆ.

ಕೊನೆಗೆ, ಮನೆಯಲ್ಲೇ ಇಟ್ಟುಕೊಳ್ಳಿ ಅಂದ ವಿಷಯ. ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಇನ್ನೊಮ್ಮೆ ಹೇಳಿಕಳಿಸಿದರೆ, ಮಗಳನ್ನು ಎಂದಿನಂತೆ ಕಳಿಸಿ. ಮಾಸ್ತರರಿಗೆ ವಾಟ್ಸಾಪ್‌ನಲ್ಲಿ 'ನೀವು ಇಂದು ರಜೆ ಹಾಕಿಸಲು ತಿಳಿಸಿದ್ದಿರಿ, ಅವಳು ಆರೋಗ್ಯವಾಗಿದ್ದಾಳೆ, ಕಳಿಸಿದ್ದೇನೆ' ಅಂತ ಮರ್ಯಾದೆಯಿಂದ ಬರೆಯಿರಿ. ಅಷ್ಟು ಸಾಕು.

ಕಾಳಿ ಕಣಿವೆ (ಜೋಯಿಡಾ):

ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ಮೇಲಿನ ಸರ್ ಕಾನೂನು ಹೇಳಿದ್ದಾರೆ, ನಾನು ತರಗತಿಯ ಒಳಗಿನದು ಹೇಳುತ್ತೇನೆ.

ಮೂರನೇ ತರಗತಿಯ ತನಕ ನಲಿ-ಕಲಿ ಇರುತ್ತದೆ. ಒಂದರಿಂದ ಮೂರರ ಮಕ್ಕಳು ಒಟ್ಟಿಗೆ ಗುಂಪಿನಲ್ಲಿ ಕೂತು, ಕಲಿಕಾ ಕಾರ್ಡ್ ಹಿಡಿದು, ಅವರವರ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ. ನಿಧಾನ ಕಲಿಯುವ ಮಗು ಅಲ್ಲಿ ಎದ್ದು ಕಾಣುವುದಿಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಪಠ್ಯಪುಸ್ತಕ, ಬೋರ್ಡ್, ಬರೆದುಕೊಳ್ಳುವುದು. ಒಂದೇ ಸಲಕ್ಕೆ ಎಲ್ಲ ಬದಲಾಗುತ್ತದೆ. ನಿಮ್ಮ ಹೆಡ್ ಮಾಸ್ತರಿಗೆ ಹೆದರಿಕೆ ಹುಟ್ಟಿದ್ದು ಬಹುಶಃ ಇಲ್ಲೇ. ಇಬ್ಬರೇ ಶಿಕ್ಷಕರಿರುವ ಶಾಲೆಯಾದರೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಮೀಟಿಂಗು ಎಲ್ಲ ಅವರ ತಲೆಯ ಮೇಲೇ. ಅವರು ಹೇಳಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೂ ಸಹಾಯ ಬೇಕು. ಹಾಗಾಗಿ ನಿಮ್ಮ ಪತ್ರದಲ್ಲಿ 'ಶಾಲೆಯ ಶಿಕ್ಷಕರಿಗೆ ಬಿಐಇಆರ್‌ಟಿಯಿಂದ ಮಾರ್ಗದರ್ಶನ ಕೊಡಿಸಿ' ಅಂತ ಒಂದು ಸಾಲು ಸೇರಿಸಿ. ಅವರು ನಿಮ್ಮನ್ನು ಎದುರಾಳಿಯ ಹಾಗೆ ನೋಡುವುದು ಕಡಿಮೆ ಆಗುತ್ತದೆ.

ಕೇಳಬೇಕಾದ್ದನ್ನು ಆದಷ್ಟು ಸಣ್ಣದಾಗಿ, ಸ್ಪಷ್ಟವಾಗಿ ಕೇಳಿ. ನಾಲ್ಕನೇ ತರಗತಿಯಲ್ಲಿ ಕೂತರೂ ಅವಳು ನಲಿ-ಕಲಿ ಕಾರ್ಡ್ ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಲಿ. ಬೋರ್ಡಿನಿಂದ ಇಡೀ ಪುಟ ಬರೆದುಕೊಳ್ಳುವ ಬದಲು ಎರಡು ಶಬ್ದ ಸಾಕು. ಮೌಲ್ಯಮಾಪನ ಬಾಯಿಮಾತಲ್ಲಿ ಅಥವಾ ವಸ್ತು ತೋರಿಸಿ ಆಗಲಿ. ಪಠ್ಯದಲ್ಲಿ, ಪರೀಕ್ಷೆಯಲ್ಲಿ ಇಂಥ ಬದಲಾವಣೆ ಮಾಡಬೇಕು ಅಂತ 2016ರ ಕಾಯ್ದೆಯ 17ನೇ ಕಲಮಿನಲ್ಲೇ ಇದೆ. ಮುಂದೆ ಎಸ್‌ಎಸ್‌ಎಲ್‌ಸಿಗೆ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು, ಭಾಷಾ ವಿನಾಯಿತಿ ಎಲ್ಲ ಬರುವುದೂ ಅದೇ ದಾರಿಯಲ್ಲಿ.

ನೀವು ಅಡಿಕೆ ಬಗ್ಗೆ ಬರೆದದ್ದನ್ನು ನಾನು ಮತ್ತೊಮ್ಮೆ ಓದಿದೆ. ಬಣ್ಣ, ಗಾತ್ರ, ಮೇಲ್ಮೈ ನೋಡಿ ಮೂರು ಜಾತಿ ಬೇರೆ ಮಾಡುವುದು ಅಂದರೆ ವರ್ಗೀಕರಣ. ಹತ್ತರ ಗುಂಪು ಅಂದರೆ ಸ್ಥಾನಬೆಲೆಯ ಮೊದಲ ಪಾಠ. ಅವಳಿಗೆ ಗಣಿತ ಬರುತ್ತದೆ, ಅಂಕಿ ಇನ್ನೂ ಬಂದಿಲ್ಲ ಅಷ್ಟೇ. ಒಂದು ಗುಂಪಿನ ಪಕ್ಕ 10 ಅಂತ ಬರೆದ ಚೀಟಿ, ಎರಡು ಗುಂಪಿನ ಪಕ್ಕ 20 ಅಂತ ಬರೆದ ಚೀಟಿ ಇಡಿ. ಮೊದಲು ಚೀಟಿ ಹೊಂದಿಸಲಿ, ಓದುವುದು ನಿಧಾನಕ್ಕೆ ಬರುತ್ತದೆ. ಇದರದ್ದೊಂದು ವಿಡಿಯೋ ಮಾಡಿ ಇಟ್ಟುಕೊಳ್ಳಿ. ಬಿಐಇಆರ್‌ಟಿ ಬಂದಾಗ ತೋರಿಸಿದರೆ ಅವರು ಯೋಜನೆಯನ್ನು ಅಲ್ಲಿಂದಲೇ ಶುರು ಮಾಡಬಹುದು.

ಸೊಪ್ಪಿನಬೆಟ್ಟ:

ಎಲ್ಲರಿಗೂ ತುಂಬ ತುಂಬ ಧನ್ಯವಾದ. ಅಕ್ಕೋರೇ, 'ಗಣಿತ ಬರುತ್ತದೆ' ಅಂದಿರಲ್ಲ, ಅದನ್ನು ಅವಳ ಅಪ್ಪನಿಗೆ, ಅಜ್ಜಿಗೆ ಎಲ್ಲ ಓದಿ ಹೇಳಿದೆ.

ಪತ್ರ ಬರೆದಿದ್ದೇನೆ. ಹೀಗಿದೆ, ನೋಡಿ ಹೇಳಿ:

'ಮುಖ್ಯ ಶಿಕ್ಷಕರಿಗೆ. ನನ್ನ ಮಗಳು ತಮ್ಮ ಶಾಲೆಯಲ್ಲಿ ಮೂರನೇ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳಿಗೆ ಕಲಿಕೆಯಲ್ಲಿ ಹೆಚ್ಚಿನ ಬೆಂಬಲ ಬೇಕೆಂದು ವೈದ್ಯರು ಬರೆದುಕೊಟ್ಟಿದ್ದಾರೆ, ನಕಲು ಲಗತ್ತಿಸಿದೆ. ಅವಳು ಇದೇ ಶಾಲೆಯಲ್ಲಿ ಮುಂದುವರಿಯಬೇಕೆಂಬುದು ನಮ್ಮ ಆಯ್ಕೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ಕಲಂ 16ರಂತೆ ಅವಳಿಗೆ ವೈಯಕ್ತಿಕ ಕಲಿಕಾ ಯೋಜನೆ ಮಾಡಿ ಪ್ರತಿ ಕೊಡಬೇಕು. ಬಿಐಇಆರ್‌ಟಿಯವರಿಂದ ಶಾಲೆಯ ಶಿಕ್ಷಕರಿಗೆ ಮಾರ್ಗದರ್ಶನ ಕೊಡಿಸಬೇಕು. ತಮ್ಮಿಂದಾದ ಸಹಾಯ ಮಾಡಬೇಕಾಗಿ ಕೈಮುಗಿದು ಬೇಡಿಕೊಳ್ಳುತ್ತೇನೆ.'

ಇದನ್ನು ಶಾಲೆಗೆ ಕೊಟ್ಟರೆ ಸಾಕಾ? ತಗೊಳ್ಳುವುದಿಲ್ಲ ಅಂದರೆ ಏನು ಮಾಡಲಿ?

ಗಂಗಾವಳಿ ದಂಡೆ:

ಪತ್ರ ಚೆನ್ನಾಗಿದೆ ತಂಗಿ. ಕೊನೆಯ ಸಾಲು ತೆಗೆಯಿರಿ. ಇದು ಬೇಡಿಕೊಳ್ಳುವ ವಿಷಯ ಅಲ್ಲ. ಅದರ ಬದಲು 'ಈ ಪತ್ರಕ್ಕೆ ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ' ಅಂತ ಬರೆದು, ಕೆಳಗೆ ದಿನಾಂಕ ಹಾಕಿ. ಟಿಸಿಯ ಮಾತು ಬಂದಿತ್ತು ಅನ್ನುವುದನ್ನು ಈ ಮೊದಲ ಪತ್ರದಲ್ಲಿ ಬರೆಯದಿದ್ದದ್ದು ಒಳ್ಳೆಯದಾಯಿತು. ಮಾಸ್ತರರಿಗೆ ಹಿಂದೆ ಸರಿಯಲು ಜಾಗ ಇರಲಿ.

ಎರಡು ಪ್ರತಿ ಮಾಡಿ. ಒಂದು ಕೊಟ್ಟು, ಇನ್ನೊಂದರ ಮೇಲೆ ಸಹಿ, ದಿನಾಂಕ, ಶಾಲೆಯ ಸೀಲು ಹಾಕಿಸಿಕೊಳ್ಳಿ. ತಗೊಳ್ಳುವುದಿಲ್ಲ ಅಂದರೆ ವಾದ ಬೇಡ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಇನ್ನೊಂದು ಪ್ರತಿಯನ್ನು ಶಿರಸಿಯ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಟಪಾಲಿನಲ್ಲಿ ಕೊಟ್ಟು ಇನ್‌ವರ್ಡ್ ನಂಬರ್ ಬರೆಸಿಕೊಳ್ಳಿ. ಬಿಆರ್‌ಸಿಗೂ ಒಂದು ಕೊಡಿ, ಬಿಐಇಆರ್‌ಟಿ ಸಿಗುವುದು ಅಲ್ಲೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ನಿಮ್ಮೂರಿನವರೇ ಇರುತ್ತಾರೆ, ಅವರಿಗೂ ಓದಿ ಹೇಳಿ. ಬಹಳ ಸಲ ಕೆಲಸ ಅಲ್ಲೇ ಮುಗಿಯುತ್ತದೆ. ಸಾಧನ ಸಲಕರಣೆ ಕೊಡಲು ತಾಲ್ಲೂಕಿನಲ್ಲಿ ವೈದ್ಯಕೀಯ ಮೌಲ್ಯಾಂಕನ ಶಿಬಿರ ಮಾಡುತ್ತಾರೆ, ಅದು ಯಾವಾಗ ಅಂತ ಬಿಆರ್‌ಸಿಯಲ್ಲೇ ವಿಚಾರಿಸಿ. ಇಂಥ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಶಿಷ್ಯವೇತನ ಇದೆ. ಚಿಕ್ಕ ಮೊತ್ತ, ಆದರೆ ಅವಳ ಹೆಸರು ಪಟ್ಟಿಯಲ್ಲಿದೆಯಾ ಅಂತ ಅದನ್ನು ಕೇಳುವಾಗಲೇ ಗೊತ್ತಾಗುತ್ತದೆ.

ತಿಂಗಳೊಳಗೆ ಉತ್ತರ ಬರದಿದ್ದರೆ ಶಿರಸಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೆ ಬರೆಯಿರಿ. ಅದಕ್ಕಾಗಿ ಕಾರವಾರಕ್ಕೆ ಇಳಿಯಬೇಕಾಗಿಲ್ಲ. ಇಂಥ ಮಕ್ಕಳ ದಾಖಲಾತಿ, ಸೌಲಭ್ಯ ನೋಡಲು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕು ಅಂತ 2017ರ ಕೇಂದ್ರ ನಿಯಮಗಳಲ್ಲಿದೆ, ಅವರು ಯಾರು ಅಂತ ಕೇಳಿ. ಅಲ್ಲೂ ಆಗದಿದ್ದರೆ ಬೆಂಗಳೂರಿನ ರಾಜ್ಯ ಆಯುಕ್ತರಿಗೆ, ಅಂದರೆ ಅಂಗವಿಕಲರ ಕಾಯ್ದೆಯ ಆಯುಕ್ತರಿಗೆ, ಅಂಚೆಯಲ್ಲೇ ದೂರು ಕಳಿಸಬಹುದು. ಅವರು ಶಿಫಾರಸು ಮಾಡಿದರೆ ಇಲಾಖೆ ಮೂರು ತಿಂಗಳಲ್ಲಿ ಏನು ಮಾಡಿದೆವು ಅಂತ ತಿಳಿಸಬೇಕು.

ವಕೀಲರು ಬೇಕಾದರೆ ಖರ್ಚಿಗೆ ಹೆದರಬೇಡಿ. ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕು ಅಂತ 1987ರ ಕಾಯ್ದೆ ಇದೆ. ಶಿರಸಿ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

ಸೊಪ್ಪಿನಬೆಟ್ಟ:

ಕೊನೆಯ ಸಾಲು ತಿದ್ದಿ ಪತ್ರ ಕೊಟ್ಟೆ. ಹೆಡ್ ಮಾಸ್ತರು ಪೂರ್ತಿ ಓದಿ, ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಸೀಲು ಹಾಕಿ ಕೊಟ್ಟರು. 'ಬಿಐಇಆರ್‌ಟಿ ಬಂದರೆ ನನಗೂ ಅನುಕೂಲವೇ' ಅಂದರು. ಟಿಸಿ ಮಾತು ಎತ್ತಲಿಲ್ಲ. ಬಿಇಒ ಕಚೇರಿಯಲ್ಲೂ ಇನ್‌ವರ್ಡ್ ನಂಬರ್ ಸಿಕ್ಕಿತು. ಬಿಆರ್‌ಸಿಯಲ್ಲಿ ಸಿಕ್ಕ ಮೇಡಂ ಧಾರವಾಡದ ರಿಪೋರ್ಟಿನ ನಕಲು ತಗೊಂಡು, ಮುಂದಿನ ಗುರುವಾರ ಶಾಲೆಗೆ ಬರುತ್ತೇನೆ, ನೀವೂ ಇರಿ ಅಂದಿದ್ದಾರೆ.

ಆ ದಿನ ಅವರ ಹತ್ತಿರ ಮುಖ್ಯವಾಗಿ ಏನು ಕೇಳಲಿ?

ಕಾಳಿ ಕಣಿವೆ:

ಬಹಳ ಖುಷಿಯಾಯಿತು. ಯೋಜನೆಯಲ್ಲಿ ಮೂರು ಗುರಿಗಿಂತ ಜಾಸ್ತಿ ಬೇಡ ಅನ್ನಿ. ಮಾತಿಗೆ ಒಂದು, ಓದಿಗೆ ಒಂದು, ಲೆಕ್ಕಕ್ಕೆ ಒಂದು. ಪ್ರತಿಯೊಂದರ ಮುಂದೆ ಯಾರು ಮಾಡಿಸುವುದು, ಯಾವ ತಿಂಗಳಲ್ಲಿ ನೋಡುವುದು ಅಂತ ಬರೆಸಿ. ಮನೆಯಲ್ಲಿ ನೀವು ಮಾಡಬೇಕಾದ್ದನ್ನು ಅವರು ಒಮ್ಮೆ ಮಾಡಿ ತೋರಿಸಲಿ. ಮುಂದಿನ ಭೇಟಿಯ ದಿನಾಂಕವನ್ನೂ ಅದೇ ಹಾಳೆಯಲ್ಲಿ ಹಾಕಿಸಿ, ಹೆಡ್ ಮಾಸ್ತರ ಸಹಿ ಆದ ಮೇಲೆ ಒಂದು ಪ್ರತಿ ತಗೊಂಡು ಬನ್ನಿ.